ಶನಿವಾರದ ಪಾಲು

ಹಣ ಹೋಯಿತೆಂದು ಬಾಯಿ ಬಡಿದುಕೊಂಡು ಹೊನ್ನಾವರ ಠಾಣೆಗೆ ಬರುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ಹಣ ಬರುತ್ತಿದೆ, ಅದು ಎಲ್ಲಿಂದ ಬರುತ್ತಿದೆ ನೋಡಿ ಎಂದು ದೂರು ಹಿಡಿದು ಬಂದವಳು ಕಮಲಿ ಒಬ್ಬಳೇ. ಡಿಸೆಂಬರ್ ಮೊದಲ ವಾರದ ಸೋಮವಾರ, ಬೆಳಗಿನ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಒಳಗೆ ಬಂದಳು. ತವರು ಭಟ್ಕಳದ ಕಡೆ, ಕೊಟ್ಟದ್ದು ಹೊನ್ನಾವರದ ಪಕ್ಕದ ಮೀನುಗಾರರ ಕೇರಿ ಕಾಸರಕೋಡು ಟೊಂಕಕ್ಕೆ. ಗಂಡ ಸೋಮ ಖಾರ್ವಿ, ಬೋಟಿನ ಕೆಲಸಗಾರ, ಆಗಸ್ಟ್ ಕೊನೆಯಿಂದ ಮನೆಗೆ ಬಂದಿರಲಿಲ್ಲ.

ಪಿಎಸ್‌ಐ ಸುಚಿತಾ ನಾಯ್ಕ ಕುರ್ಚಿ ತೋರಿಸಿದರು.

"ಮೂರು ತಿಂಗಳು ದಾಟಿತು. ಇಷ್ಟು ದಿನ ಎಂತಕ್ಕೆ ಬರ್ಲಿಲ್ಲ?"

"ಮಲ್ಪೆ ಬೋಟಿಗೆ ಹೋಗಿರ್ಬೇಕು ಅಂದ್ಕಂಡಿದ್ದೆ ಮೇಡಂ. ಅವ್ರ ಫೋನ್ ಬಂದ್ ಆಗಿದೆ. ಆದ್ರೆ ಅವ್ರ ಪಾಲು ತಪ್ಪದೆ ಬತ್ತದೆ. ಪಾಲು ಬತ್ತದೆ ಅಂದ್ಮೇಲೆ ಮನ್ಷ ಎಲ್ಲೋ ಇದಾರೆ ಅಂತಾತಲ್ಲ?"

"ಎಂತ ಪಾಲು?"

ಕಮಲಿ ಸೆರಗಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು. ಕಂಪ್ಯೂಟರಿನಿಂದ ಹುಟ್ಟುವ ನಾಣ್ಯವಂತೆ. ಸೋಮ ಎಲ್ಲೋ ಯಂತ್ರ ಇಟ್ಟಿದ್ದನಂತೆ. ಎಲ್ಲಿ ಎಂದು ಹೇಳಿರಲಿಲ್ಲ, ಸಂಗಡ ಯಾರು ಎಂದೂ ಹೇಳಿರಲಿಲ್ಲ. ಬಂದ ಪಾಲು ಹೆಂಡತಿಗೂ ಕಾಣಲಿ ಎಂದು ಮನೆಯ ಫೋನಿನಲ್ಲಿ ಎಲ್ಲ ಹೊಂದಿಸಿಟ್ಟು ಹೋಗಿದ್ದ. ಹೆಡ್ ಕಾನ್‌ಸ್ಟೆಬಲ್ ಮಾಬ್ಲೇಶ್ವರ ಕನ್ನಡಕ ಏರಿಸಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಳಿಸಿದವನ ಹೆಸ್ರೇ ಇಲ್ಲ ಇದ್ರಲ್ಲಿ. ಇದೆಂತ ವ್ಯವಹಾರ ಮಾರಾಯ್ತಿ!"

"ಅದ್ರಲ್ಲಿ ಹೆಸ್ರು ಇರೂದಿಲ್ಲ ಹೇಳಿ ಅವ್ರೇ ಹೇಳಿದ್ರು. ಅದೇ ಚಂದ ಅಂತಿದ್ರು." ಕಮಲಿಯ ದನಿ ಒಮ್ಮೆಲೇ ಏರಿತು. "ಊರಲ್ಲಿ ಎಂತ ಆಡ್ಕಂತ್ರು ಗೊತ್ತಿದ್ಯಾ? ಮತ್ತೊಬ್ಬಳ ಸಂಗಡ ಸಂಸಾರ ಹೂಡಿದಾನೆ, ನಿನ್ನ ಬಾಯಿ ಮುಚ್ಸೂಕೆ ಪಾಲು ಕಳಿಸ್ತಾನೆ ಅಂತ್ರು. ನಂಗೆ ಪಾಲು ಬ್ಯಾಡ ಮೇಡಂ. ಬದ್ಕಿದ್ರೆ ಕರ್ಕಂಬಂದು ನನ್ನ ಎದ್ರು ನಿಲ್ಸಿ. ಸತ್ತಿದ್ರೆ ಸತ್ತ ಅಂತ ಹೇಳ್ಬಿಡಿ. ಎರಡೂ ಅಲ್ದೆ ನಂಗೆ ದಿನ ಹೋಗೂದಿಲ್ಲ."

ಮನುಷ್ಯ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಪ್ರತಿ ಕೈಗೆ ಕೊಟ್ಟಾಗ ಕಮಲಿ ಅದನ್ನು ನಾಲ್ಕು ಮಡಿಕೆ ಮಾಡಿ, ಬುಟ್ಟಿ ಎತ್ತಿಕೊಂಡು ಹೋದಳು.

ಮೊದಲ ಕೆಲಸ, ಸೋಮನ ಫೋನಿನ ಕರೆ ವಿವರ. ಅದು ಬುಧವಾರ ಬಂತು. ಆಗಸ್ಟ್ ಇಪ್ಪತ್ತೆಂಟರ ಸಂಜೆ ಫೋನು ಸತ್ತದ್ದು ಕುಮಟಾ ತಾಲೂಕಿನ ಕಾಗಾಲ ಕಡೆಯ ಟವರಿನಡಿ. ಮಲ್ಪೆಯೂ ಅಲ್ಲ, ಗೋವೆಯೂ ಅಲ್ಲ. ಕಾಗಾಲದ ಸುತ್ತ ಗದ್ದೆ, ಹೊಳೆ, ಸಿಗಡಿ ಕೆರೆ. ಬೋಟಿನವನಿಗೆ ಅಲ್ಲೇನು ಕೆಲಸ ಎಂದು ಮಾಬ್ಲೇಶ್ವರ ಕೇಳಿದರು.

ಎರಡನೆಯದು, ನಾಣ್ಯ. ಕಾರವಾರದ ಸೈಬರ್ ಠಾಣೆಯ ದೀಕ್ಷಾ ಎಂಬ ಸಬ್ ಇನ್‌ಸ್ಪೆಕ್ಟರ್ ಕಮಲಿಯ ಫೋನನ್ನು ಒಂದು ದಿನ ಇಟ್ಟುಕೊಂಡು ನೋಡಿದಳು.

"ಕಳಿಸಿದವ ಯಾರು ಅಂತ ಹುಡುಕೋಕೆ ಹೋಗ್ಬೇಡಿ ಮೇಡಂ," ಎಂದಳು. "ಈ ಕ್ರಿಪ್ಟೋ ನಾಣ್ಯದಲ್ಲಿ ಅದು ಆಗೂದೇ ಇಲ್ಲ. ಕೊಟ್ಟವನ, ತಗೊಂಡವನ ಗುರುತು ಮರೆ ಮಾಡೋಕೇ ಇದನ್ನ ಮಾಡಿದ್ದು."

"ಪಾಲು ಅಂದ್ರೆ ಎಂತದು?"

"ಲೋಕದಲ್ಲಿ ಎಲ್ಲೆಲ್ಲೋ ಇರುವ ಕಂಪ್ಯೂಟರುಗಳು ಸೇರಿ ಒಂದು ಲೆಕ್ಕ ಬಿಡಿಸ್ತವೆ. ಬಿಡಿಸಿದಾಗ ಹೊಸ ನಾಣ್ಯ ಹುಟ್ತದೆ. ಯಾರ ಯಂತ್ರ ಎಷ್ಟು ದುಡೀತೋ ಅಷ್ಟು ಪಾಲು ನೇರ ಅವರಿಗೆ. ನಡುವೆ ಯಜಮಾನ ಇಲ್ಲ, ಕೈ ಹಾಕುವವ ಇಲ್ಲ. ಆದ್ರೆ ಅದೃಷ್ಟದ ಮೇಲೆ ಹೋಗ್ತದೆ. ಒಂದು ದಿನ ಮೂರು ಸಲ ಬಂತು, ಮತ್ತೆ ನಾಲ್ಕು ದಿನ ಏನೂ ಇಲ್ಲ."

"ಮೀನಿನ ಹಾಗೆ."

"ಹ್ಞಾಂ, ಹಾಗೇ. ಆಗಸ್ಟ್ ಇಪ್ಪತ್ತೆಂಟರವರೆಗೆ ಇವಳ ಫೋನಿಗೂ ಹಾಗೇ ಬಂದಿದೆ. ಆಮೇಲೆ ನೋಡಿ." ದೀಕ್ಷಾ ಪರದೆಯ ಮೇಲೆ ಬೆರಳಿಟ್ಟಳು. "ವಾರಕ್ಕೆ ಒಂದೇ ಸಲ. ಶನಿವಾರ ಸಂಜೆ. ಒಂದು ವಾರವೂ ತಪ್ಪಿಲ್ಲ. ಯಂತ್ರಕ್ಕೆ ಶನಿವಾರ, ಭಾನುವಾರ ಗೊತ್ತಾಗೂದಿಲ್ಲ ಮೇಡಂ. ಇದನ್ನ ಯಾರೋ ಕೂತು ಕೈಯಾರೆ ಕಳಿಸ್ತಾ ಇದಾರೆ."

ಸುಚಿತಾ ಮಾಬ್ಲೇಶ್ವರರ ಸಂಗಡ ಅಲ್ಲಿಂದ ನೇರ ಟೊಂಕಕ್ಕೆ ಹೋದರು. ಕಮಲಿ ಪೇಟೆಗೆ ಹೋಗಿದ್ದಳು. ಸೋಮನ ತಾಯಿ ಮಾಸ್ತಮ್ಮ ಅಂಗಳದಲ್ಲಿ ಒಣಮೀನು ಮಗುಚುತ್ತ ಕೂತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ. ಕಾಗೆ ಓಡಿಸುವ ಕೋಲನ್ನು ಮಾತ್ರ ಬದಿಗಿಟ್ಟಳು.

"ಅಮ್ಮ, ಇಲ್ಲಿ ಶನಿವಾರಕ್ಕೆ ಎಂತ ವಿಶೇಷ?"

ಮುದುಕಿ ತಲೆ ಎತ್ತಲಿಲ್ಲ.

"ಮೊದ್ಲು ರಂಪಣಿ ಇತ್ತು. ನಿಮಗೆ ತಿಳೀದು. ದಡದಿಂದ ಬಲೆ ಎಳೀಬೇಕು, ಇಡೀ ಕೇರಿಯೇ ಹಗ್ಗಕ್ಕೆ. ಹಗ್ಗ ಮುಟ್ಟಿದವ್ರಿಗೆಲ್ಲ ಪಾಲು. ದೊಡ್ಡವ, ಸಣ್ಣವ ಅಂತ ಇಲ್ಲ. ಆ ದಿನದ್ದು ಆ ದಿನವೇ ಹಂಚೂದು."

"ಶನಿವಾರ?"

"ಶನಿವಾರದ್ದು ಬೇರೆ." ಅವಳು ಒಂದು ಮೀನನ್ನು ಎರಡು ಸಲ ಮಗುಚಿದಳು. "ಹಗ್ಗದಲ್ಲಿ ಇದ್ದಾಗ್ಲೇ ಯಾರಾರೂ ಸತ್ರೆ, ಅವ್ರ ಮನಿಗೆ ಆ ಹಂಗಾಮು ಮುಗಿಯ ತನಕ ಪಾಲು ಬತ್ತಿತ್ತು. ಶನಿವಾರ ತಂದು ಹೊಸ್ತಿಲಲ್ಲಿ ಇಟ್ಟು ಹೋಗ್ತಿದ್ರು. ತಂದವ ಮಾತಾಡೂಕಿಲ್ಲ, ನಾವು ಕೇಳೂಕಿಲ್ಲ. ಸೋಮನ ಅಪ್ಪ ಹೋದಾಗ ನಂಗೂ ಬಂದಿತ್ತು, ಸೋಮ ಆಗ ತೊಟ್ಟಿಲ ಮಗು."

ಸುಚಿತಾ ಅವಳ ಎದುರು ಕುಕ್ಕರುಗಾಲಲ್ಲಿ ಕೂತರು.

"ನಿಮಗೆ ಗೊತ್ತಿತ್ತು."

"ಮೂರ್ನೇ ಶನಿವಾರಕ್ಕೆ ಗೊತ್ತಾತು."

"ಕಮಲಿಗೆ ಎಂತಕ್ಕೆ ಹೇಳ್ಲಿಲ್ಲ?"

"ಹ್ಯಾಂಗೆ ಹೇಳೂದು? ಅವ್ಳು ಫೋನ್ ಟಿಣ್ ಅಂದ್ರೆ ನಗ್ತಾಳೆ. 'ಅತ್ತೆ, ನಿಮ್ಮ ಮಗ ಇವತ್ತೂ ನೆನಪು ಮಾಡ್ದ' ಅಂತಾಳೆ." ಮಾಸ್ತಮ್ಮನಿಗೆ ಅಲ್ಲಿಗೆ ತಡೆಯಲಾಗಲಿಲ್ಲ. ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತಳು. ಪಕ್ಕದ ಮನೆಯವರು ಬೇಲಿಯಾಚೆ ಬಂದು ನಿಂತರು. ಮಾಬ್ಲೇಶ್ವರ ಹೋಗಿ ಅವರನ್ನು ಗದರಿಸಿ ಒಳಗೆ ಕಳಿಸಿದರು.

ಅಳು ನಿಂತ ಮೇಲೆ ಸುಚಿತಾ ಕೇಳಿದ್ದು ಒಂದೇ: ಈ ಪದ್ಧತಿ ತಿಳಿದವರು, ಸೋಮನ ಸಂಗಡ ಇದ್ದವರು, ಕಾಗಾಲದ ಕಡೆ ಇರುವವರು ಯಾರು? ಮಾಸ್ತಮ್ಮ ಯೋಚಿಸಲಿಲ್ಲ.

"ಜಗದೀಶ. ತಂದೆ ತಾಯಿ ಇಲ್ಲದವ, ನನ್ನ ಕೈಯ ಗಂಜಿ ಕುಡಿದು ಬೆಳೆದವ. ಕಾಗಾಲದಲ್ಲಿ ಮುಚ್ಚಿದ್ದೊಂದು ಐಸ್ ಫ್ಯಾಕ್ಟರಿ ಕಾಯ್ತಾನೆ. ಸೋಮ ಹೋದ ಮೇಲೆ ಈ ಬದಿ ತಲೆ ಹಾಕ್ಲಿಲ್ಲ."

ಫ್ಯಾಕ್ಟರಿಯ ಮಾಲೀಕರು ಭಟ್ಕಳದಲ್ಲಿದ್ದರು. ಮಾಬ್ಲೇಶ್ವರ ಹೋಗಿ ಹೇಳಿಕೆ ಪಡೆದು ಬಂದರು. ಕಟ್ಟಡ ಮುಚ್ಚಿ ಎರಡು ವರ್ಷ. ಮೀಟರು ಕಿತ್ತು ಕೊಂಡೊಯ್ದಿದ್ದಾರೆ. ಜಗದೀಶನಿಗೆ ಉಳಿಯಲು ಜಾಗ ಕೊಟ್ಟದ್ದು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಶುಕ್ರವಾರ ಬೆಳಿಗ್ಗೆ ಕುಮಟಾ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಜೀಪು ಕಾಗಾಲಕ್ಕೆ ಹೋಯಿತು. ಅಘನಾಶಿನಿಯ ದಂಡೆಗೆ ತಾಗಿ ಹಳೆಯ ಕಟ್ಟಡ, ಬೆಳೆದು ನಿಂತ ಲಂಟಾನಾ ಪೊದೆ. ವಿದ್ಯುತ್ತಿಲ್ಲದ ಕಟ್ಟಡದೊಳಗಿಂದ ಫ್ಯಾನುಗಳು ತಿರುಗುವ ಸದ್ದು ಗೇಟಿನವರೆಗೂ ಕೇಳುತ್ತಿತ್ತು.

ಜಗದೀಶ ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಬಂದ. ಮೂವತ್ತು ದಾಟಿರದ ಆಳು, ಗಡ್ಡ ಬಿಟ್ಟು ಅಜ್ಜನಾಗಿದ್ದ.

"ಸೋಮ ಎಲ್ಲಿ?"

"ಮಲ್ಪೆಲಿ ಇರ್ಬೇಕು ಮೇಡಂ."

"ನೀನು ಕಂಡದ್ದು ಯಾವಾಗ?"

"ನೆನಪಿಲ್ಲ."

"ಒಳಗೆ ಎಂತ ತಿರುಗ್ತಾ ಇದೆ?"

ಅವನು ಬದಿಗೆ ಸರಿದ. ಒಳಗೆ, ಮೊದಲು ಐಸ್ ಕಟ್ಟುತ್ತಿದ್ದ ಕೋಣೆಯಲ್ಲಿ, ಮೀನಿನ ಕ್ರೇಟುಗಳ ಮೇಲೆ ಸಾಲಾಗಿ ಹಳೆಯ ಕಂಪ್ಯೂಟರುಗಳು. ಕಿಟಕಿಯಿಂದ ಒಂದು ವಯರು ಹೊರಗಿನ ವಿದ್ಯುತ್ ಕಂಬಕ್ಕೆ ಹೋಗಿತ್ತು. ಮೂಲೆಯ ಗೋಡೆ ಕಪ್ಪಾಗಿತ್ತು. ಅದರ ಕೆಳಗೆ ಸುಟ್ಟ ಯಂತ್ರವೊಂದು, ಅದರ ಮೇಲೆ ಅದೇ ಬೆಳಿಗ್ಗೆ ಕೊಯ್ದ ದಾಸವಾಳ. ಸುಚಿತಾ ಹೂವನ್ನು ನೋಡಿದರು, ಜಗದೀಶನನ್ನು ನೋಡಿದರು.

"ಶನಿವಾರ ಪಾಲು ಕಳಿಸ್ತಾ ಇದ್ದವ ನೀನಾ?"

"ಅದು ಯಾರಿಗೂ ಗೊತ್ತಾಗೂದಿಲ್ಲ ಮೇಡಂ. ಅದ್ರಲ್ಲಿ ಗುರ್ತೇ ಇರೂದಿಲ್ಲ."

"ಇಲ್ಲ, ಗೊತ್ತಾಗೂದಿಲ್ಲ. ಕಮಲಿಗೂ ಗೊತ್ತಾಗ್ಲಿಲ್ಲ. ಪಾಲು ಬತ್ತದೆ, ಅದಕ್ಕೇ ಗಂಡ ಬದ್ಕಿದಾನೆ ಅಂತ ಕಾಯ್ತಾ ಕೂತಿದಾಳೆ."

ಜಗದೀಶ ಒಂದು ಹೆಜ್ಜೆ ಮುಂದೆ ಬಂದ.

"ಅತ್ತಿಗೆ ಕಾಯ್ತಾ ಇದಾಳಾ?"

"ಮೂರು ತಿಂಗಳಿಂದ."

"ಅಯ್ಯೋ ದೇವ್ರೇ! ಶನಿವಾರವೇ ಕಳಿಸ್ದೆ ಅಲ್ರಾ ನಾನು! ಬಾಯಲ್ಲಿ ಹೇಳೂಕೆ ಧೈರ್ಯ ಬರ್ಲಿಲ್ಲ, ಶನಿವಾರ ಬಂದ್ರೆ ಅರ್ಥ ಆಗ್ತದೆ ಅಂದ್ಕಂಡೆ. ಅಳ್ತಾಳೆ, ಕರ್ಮ ಮಾಡ್ತಾಳೆ, ಎಲ್ಲ ಮುಗ್ದಿರ್ತದೆ ಅಂದ್ಕಂಡೆ." ಅವನು ನೆಲಕ್ಕೆ ಕುಸಿದ. "ಅವ್ಳು ಭಟ್ಕಳ ಬದಿಯವ್ಳು, ನಮ್ಮ ಕೇರಿ ಪದ್ಧತಿ ಅವ್ಳಿಗೆ ತಿಳೀದು ಅನ್ನೂದೇ ನಂಗೆ ಹೊಳೀಲಿಲ್ಲ."

ಮಾಬ್ಲೇಶ್ವರ ನೀರು ತಂದುಕೊಟ್ಟರು. ಅವನು ಕುಡಿಯಲಿಲ್ಲ. ಹೇಳಿಕೆಯನ್ನು ಅಲ್ಲೇ ಕ್ರೇಟಿನ ಮೇಲೆ ಕೂತು ಬರೆದುಕೊಳ್ಳಲಾಯಿತು.

"ಕಂಬಕ್ಕೆ ವಯರು ಹಾಕಿದವ ಯಾರು?"

"ನಾನು. ಸೋಮಣ್ಣ ಬ್ಯಾಡ ಅಂದಿದ್ದ. ದುಡಿದದ್ದು ಜನರೇಟರ್ ಎಣ್ಣೆಗೇ ಸಾಲದ್ದಕ್ಕೆ ನಾನೇ ಹಾಕ್ದೆ."

"ಜೋಡಣೆ?"

"ಅದೂ ನಾನೇ. ಟೇಪು ಸುತ್ತಿದ್ದೆ. ಆ ದಿನ ಮಳೆ ಹೊಡೀತಿತ್ತು, ನೆಲವೆಲ್ಲ ನೀರು. ಮೂಲೆಲಿದ್ದ ಸೋಮಣ್ಣನ ಯಂತ್ರ ನಿಂತಿತ್ತು. ನಾನು ನೋಡ್ತೆ ಅಂದೆ. ನೀ ಅನ್ನ ಇಳ್ಸು, ನಾ ನೋಡ್ತೆ ಅಂದ ಸೋಮಣ್ಣ. ನಾನು ಅನ್ನ ಇಳ್ಸಿ ಬರೂದ್ರೊಳಗೆ..."

"ಆಸ್ಪತ್ರೆಗೆ?"

"ಉಸ್ರು ನಿಂತಿತ್ತು ಮೇಡಂ."

"ಆಮೇಲೆ?"

"ಬೆಳಗಿನ ಜಾವ ಸಣ್ಣ ದೋಣಿಲಿ ಹೊಳೆ ಸಮುದ್ರ ಸೇರೂ ಅಳಿವೆಗೆ ತಗಂಡ್ಹೋದೆ. ಲಂಗರಿನ ಕಲ್ಲು ಕಟ್ಟಿ ಬಿಟ್ಟೆ. ವಿಷಯ ಹೊರಗೆ ಬಂದ್ರೆ ಕರೆಂಟಿನ ಕಳ್ಳತನ ಬಯಲಾಗ್ತದೆ, ಕೊಂದವ ನಾನೇ ಅಂತ್ರು ಅಂದ್ಕಂಡೆ. ಹೌದಲ್ರಾ, ಕೊಂದವ ನಾನೇ."

ಸ್ಥಳ ಪಂಚನಾಮೆ ಮಧ್ಯಾಹ್ನದವರೆಗೆ ನಡೆಯಿತು. ವಯರು, ಸುಟ್ಟ ಯಂತ್ರ, ಓಡುತ್ತಿದ್ದ ಯಂತ್ರಗಳು ಜಪ್ತಿಯಾದವು. ಪ್ಲಗ್ಗು ಕಿತ್ತಾಗ ಫ್ಯಾನುಗಳು ನಿಂತವು. ಮುಳುಗುಗಾರರು ಅಳಿವೆಯಲ್ಲಿ ಎರಡು ದಿನ ಹುಡುಕಿದರು. ಮಳೆಗಾಲದ ನೀರು ಹರಿದುಹೋದ ಜಾಗ, ಏನೂ ಸಿಗಲಿಲ್ಲ. ಅಜಾಗರೂಕತೆಯಿಂದ ಸಾವು, ಸಾಕ್ಷ್ಯ ನಾಶ, ವಿದ್ಯುತ್ ಕಳವು ಎಂದು ಎಫ್‌ಐಆರ್‌ಗೆ ಕಲಮುಗಳು ಸೇರಿದವು.

ತನಿಖಾ ವರದಿಯಲ್ಲಿ ಪ್ರೇರಣೆ ಎಂಬಲ್ಲಿ ಸುಚಿತಾ ಕೆಲವು ಸಾಲು ಬರೆದರು. ಮೃತನೂ ಆರೋಪಿಯೂ ದೊಡ್ಡ ಬೋಟುಗಳಲ್ಲಿ ದುಡಿದವರು. ಅಲ್ಲಿ ಹಿಡಿದ ಮೀನಿನಲ್ಲಿ ತಮ್ಮ ಪಾಲೆಷ್ಟು ಎಂದು ಕೇಳುವ ಬಾಯಿ ಅವರಿಗಿರಲಿಲ್ಲ. ಕೇಳಿದರೆ ಮರುದಿನ ಬೋಟಿನಲ್ಲಿ ಜಾಗವಿರಲಿಲ್ಲ. ನೀನು ಯಾರ ಮಗ, ಯಾವ ಕೇರಿ ಎಂದು ಕೇಳದೆ, ದುಡಿದಷ್ಟನ್ನು ಕೊಡುವ ಜಾಲ ಅವರಿಗೆ ರಂಪಣಿ ಮರಳಿ ಬಂದಂತೆ ಕಂಡಿತ್ತು. ಸಾವಿನ ನಂತರ ಆರೋಪಿ ತನಗೆ ಬಂದದ್ದರಲ್ಲಿ ಅರ್ಧವನ್ನು ಮೃತನ ಮನೆಗೆ ಕಳಿಸಿದ್ದಾನೆ. ಭಯದಿಂದ ಹೆಣ ಮುಚ್ಚಿಟ್ಟವನು ಪಾಲನ್ನು ಮುಚ್ಚಿಟ್ಟುಕೊಳ್ಳಲಾರದೆ ಹೋದ.

ಅದೇ ಶುಕ್ರವಾರ ಸಂಜೆ ಠಾಣೆಯಲ್ಲಿ ಬಂಧನ ಪತ್ರ ತುಂಬುವಾಗ ಮಾಬ್ಲೇಶ್ವರ ನಿಯಮದಂತೆ ಕೇಳಿದರು. "ನಿನ್ನ ಹಿಡಿದದ್ದು ಯಾರಿಗೆ ತಿಳಿಸ್ಬೇಕು? ಬಂಧುಗಳು?"

"ಯಾರೂ ಇಲ್ಲ ಸರ್."

"ಯಾರಾದ್ರೂ ಬೇಕು ಮಾರಾಯ. ಕಾನೂನು ಅದು. ಒಬ್ಬರ ಸಹಿ ಬೇಕು."

"ನಂಗೆ ಇದ್ದದ್ದು ಸೋಮಣ್ಣನ ಮನೆ ಒಂದೇ," ಎಂದ ಜಗದೀಶ.

ಕಮಲಿಯನ್ನು ಹೇಗೂ ಕರೆಸಬೇಕಿತ್ತು. ಸುಚಿತಾ ಬಾಗಿಲು ಹಾಕಿಕೊಂಡು ಅವಳಿಗೆ ಎಲ್ಲವನ್ನೂ ತಾವೇ ಹೇಳಿದರು. ಒಳಗಿನಿಂದ ಬಂದ ಕೂಗಿಗೆ ಹೊರಗಿದ್ದ ಪಹರೆಯವನು ಎದ್ದು ನಿಂತ. ಕಮಲಿ ಬಾಗಿಲು ನೂಕಿ ಬಂದವಳೇ ಹೊರಗೆ ಕೂರಿಸಿದ್ದ ಜಗದೀಶನ ಎದೆಗೆ, ಮುಖಕ್ಕೆ ಎರಡೂ ಕೈಯಿಂದ ಬಡಿದಳು. "ನಿನ್ನ ಪಾಲಿಗೆ ಬೆಂಕಿ ಬೀಳ್ಲಿ! ಕೊಟ್ಟ ಕೈ ಕೊಳ್ತು ಹೋಗ್ಲಿ! ಒಂದ್ ಮಾತು ಹೇಳೂಕೆ ಬಾಯಿ ಬರ್ಲಿಲ್ವೇನಾ ನಿಂಗೆ!" ಅವನು ಹೊಡೆಸಿಕೊಂಡ. ಯಾರೂ ಬಿಡಿಸಲು ಹೋಗಲಿಲ್ಲ. ಕೈ ಸೋತ ಮೇಲೆ ಅವಳು ಗೋಡೆಗೆ ಒರಗಿ ಕೂತಳು.

"ಬಾಯಿಗೆ ನೀರು ಬಿಟ್ಟಿದ್ಯಾ?" ಎಂದು ಕೇಳಿದಳು.

"ಬಿಟ್ಟಿದ್ದೆ ಅತ್ತಿಗೆ. ಒಳಗೆ ಹೋಗ್ಲಿಲ್ಲ."

ಕಮಲಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸುಚಿತಾ ಬಂಧನ ಪತ್ರವನ್ನು ಮೇಜಿನಿಂದ ತೆಗೆದು ಒಳಗಿಡಲು ಹೋದರು. ಇವಳ ಹತ್ತಿರ ಇದನ್ನು ಕೇಳುವುದು ಮನುಷ್ಯತನವಲ್ಲ, ಊರಿನ ಬೇರೆ ಯಾರನ್ನಾದರೂ ಕರೆಸಿದರಾಯಿತು ಎಂದುಕೊಂಡರು. ಆದರೆ ಅದೇನೆಂದು ಕಮಲಿ ಕೇಳಿದಳು, ಮಾಬ್ಲೇಶ್ವರ ಅಳುಕುತ್ತ ಹೇಳಿದರು. ಅವಳು ಎದ್ದು ಬಂದು ಕೈ ಚಾಚಿದಳು.

"ಪೆನ್ನು ಕೊಡಿ."

ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಆರೋಪಿಗೆ ಏನಾಗಬೇಕು ಎಂಬ ಜಾಗ ಖಾಲಿ ಇತ್ತು. ಮಾಬ್ಲೇಶ್ವರ ಅಲ್ಲಿ ಬೆರಳಿಟ್ಟು ಅವಳ ಮುಖ ನೋಡಿದರು.

"ಮೈದುನ ಅಂತ ಬರ್ಕಳಿ," ಎಂದಳು ಕಮಲಿ.