ಉಳಿದದ್ದು ಮೂವತ್ತನೇ ಪುಟದಲ್ಲಿ

"ಇದನ್ನ ಅಚ್ಚು ಹಾಕಿದಾಕಿ ನೀವೇನ್ರೀ?"

ಪತ್ರಿಕೆ ಮೇಜಿಗೆ ಬಡಿದ ರಭಸಕ್ಕೆ ಶಿವಗಂಗಾಳ ಮಿರ್ಚಿ ಭಜಿಯ ಪೊಟ್ಟಣ ನೆಲಕ್ಕೆ ಬಿತ್ತು.

ಸಿಂಧನೂರಿನ ಆ ಪುಟ್ಟ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಯಾರೂ ಅವಳೆದುರು ದನಿ ಏರಿಸಿರಲಿಲ್ಲ. ಆರೋಗ್ಯ, ವ್ಯಾಯಾಮದ ಮಾಸಪತ್ರಿಕೆ 'ಕಸುವು' ಅವಳದು. ಎಣ್ಣೆಯಲ್ಲಿ ಕರಿದದ್ದು ತಿನ್ನಬೇಡಿ ಎಂದು ಊರಿಗೆಲ್ಲ ಬರೆದು, ನಾಲ್ಕು ಗಂಟೆಗೆ ತಾನು ಮಿರ್ಚಿ ತಿನ್ನುವವಳು. ಅದು ಬೇರೆ ಮಾತು.

ಎದುರಿಗಿದ್ದವನು ಕನಕರಾಜ, ಮಸ್ಕಿಯ ಗರಡಿ ಮಾಸ್ತರ. ಹೆಣ್ಣುಮಕ್ಕಳಿಗೂ ಕುಸ್ತಿ ಕಲಿಸುತ್ತಾನೆಂದು ಕೇಳಿ, ಫೋನಿನಲ್ಲೇ ಮಾತಾಡಿಸಿ ಅವಳೇ ಈ ತಿಂಗಳು ಅವನ ಸಂದರ್ಶನ ಬರೆದಿದ್ದಳು. ಮುಖ ನೋಡಿದ್ದು ಇದೇ ಮೊದಲು. ಒಳ್ಳೆಯ ಮುಖವೇ... ಆದರೆ ಸಿಟ್ಟಿನಿಂದ ಕೆಂಪಾಗಿತ್ತು.

"ಹನ್ನೆರಡನೇ ಪುಟದ ಕೊನಿ ಸಾಲು ಓದ್ರಿ."

ಓದಿದಳು. "'ನನ್ನ ಮೈಕಟ್ಟಿನ ಗುಟ್ಟು ಇಷ್ಟೇ...' ಉಳಿದದ್ದು ಮೂವತ್ತನೇ ಪುಟದಲ್ಲಿ."

"ಮೂವತ್ತು ತಗೀರಿ."

"'ಆರು ತಿಂಗಳು ಸೂಜಿ ಚುಚ್ಚಿಸಿಕೊಂಡು ತೋಳು ಬೆಳೆಸಿದೆ. ಈಗ...'" ಅವಳ ದನಿ ಅಲ್ಲೇ ನಿಂತಿತು.

ಅದು ಸೂಜಿಮದ್ದಿನಿಂದ ಕಿಡ್ನಿ ಕೆಡಿಸಿಕೊಂಡ, ಹೆಸರು ಹೇಳಲೊಲ್ಲದ ಬೇರೊಬ್ಬ ಯುವಕನ ಕಥೆ. ಕನಕರಾಜನ ಉಳಿದ ಮಾತು ಮೂವತ್ನಾಲ್ಕನೇ ಪುಟದಲ್ಲಿತ್ತು.

"ಹತ್ತೊಂಬತ್ತು ಹುಡಿಗ್ಯಾರು ಬರ್ತಿದ್ರು. ಈಗ ನಾಲ್ಕು ಮಂದಿ ಬರಾಕತ್ತಾರ. ಮಾಸ್ತರ ಸೂಜಿ ಚುಚ್ಚಿಕೊಂತಾನ, ನಮ್ಮ ಹುಡುಗಿಗೂ ಚುಚ್ಚಿದ್ರ ಏನು ಗತಿ ಅಂತ ಅವ್ವಂದಿರು ಬಿಡಿಸ್ಯಾರ. ಯಾರ್ಯಾರಿಗೆ ಜವಾಬ್ ಹೇಳ್ಲಿ ನಾ?"

ತಪ್ಪಾಯಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ 'ಕಸುವಿನಲ್ಲಿ ತಪ್ಪು ಅಚ್ಚಾಗುವುದಿಲ್ಲ' ಎಂದು ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ ಹಾಕಿಕೊಂಡವಳು ಅದನ್ನು ನುಂಗಿಕೊಂಡಳು.

"ಪುಟ ಜೋಡಿಸೋರು ತಪ್ಪು ಮಾಡ್ಯಾರ." ಮೂಲೆಯಲ್ಲಿ ಕೂತಿದ್ದ ಹಿರಿಯ ಹುಸೇನ್‌ಸಾಬರತ್ತ ನೋಡಿದಳು. ಅವರು ಕತ್ತೆತ್ತಲಿಲ್ಲ. "ಮುಂದಿನ ಸಂಚಿಕಿ ಕೊನೀ ಪುಟದಾಗ ಎರಡು ಸಾಲು ತಿದ್ದುಪಡಿ ಹಾಕ್ತೀನಿ."

"ಬಜಾರದಾಗ ಹೊಡದು, ಮನ್ಯಾಗ ಕಾಲಿಗೆ ಬೀಳ್ತೀರೇನು?" ಬಾಗಿಲಲ್ಲಿ ತಿರುಗಿ ನಿಂತ. "ಮೊದಲ ನೆಟ್ಟಗ ಕೂಡ್ರಿ. ಆರೋಗ್ಯದ ಪತ್ರಿಕಿ ಮಾಡೋರ ಬೆನ್ನು ಕುಡುಗೋಲಾಗೇತಿ."

ಎಂಥ ಸೊಕ್ಕು ಇವನಿಗೆ... ಎಂದುಕೊಂಡಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದಳು.

ನಾಲ್ಕು ದಿನದ ಮೇಲೆ ಲಿಂಗಸುಗೂರಿಗೆ ಹೋದಾಗ, ಬಸ್ ನಿಲ್ದಾಣದ ಅಂಗಡಿಯಲ್ಲಿ ತನ್ನ ಪತ್ರಿಕೆ ಬಿಡಿಸಿದಳು. ಹನ್ನೆರಡನೇ ಪುಟದಲ್ಲಿ 'ಮೂವತ್ತನೇ' ಎಂಬುದರ ಮೇಲೆ ನೀಲಿ ಗೆರೆ, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ 34. ಅಲ್ಲಿದ್ದ ಎಲ್ಲ ಪ್ರತಿಗಳಲ್ಲೂ ಅದೇ.

"ಮಸ್ಕಿ ಮಾಸ್ತರ ಕೂತು ಬರದು ಹೋದ್ರು," ಎಂದಳು ಅಂಗಡಿಯ ಮಕ್ತುಂಬೀ. "ಸಿಂಧನೂರಾಗೂ ಬರದಾರಂತ."

ನನ್ನ ಪತ್ರಿಕೆ ತಿದ್ದಲು ಇವನ್ಯಾರು? ಸಿಂಧನೂರಿನ ಬಸ್ ಹತ್ತಿದವಳು ನಡುವೆ ಮಸ್ಕಿಯಲ್ಲೇ ಇಳಿದಳು. ಗರಡಿಯ ಕೆಮ್ಮಣ್ಣಿನ ಮೇಲೆ ನಾಲ್ಕೇ ಹುಡುಗಿಯರು ಪಟ್ಟು ಕಲಿಯುತ್ತಿದ್ದರು.

"ನನ್ನ ಪತ್ರಿಕಿ ಮ್ಯಾಲೆ ಗೀಚಾಕ ನಿಮಗ ಪರವಾನಗಿ ಯಾರು ಕೊಟ್ರು?"

"ನನ್ನ ಇಜ್ಜತ್ತಿನ ಮ್ಯಾಲೆ ಗೀಚಾಕ ನಿಮಗ ಯಾರು ಕೊಟ್ರು?"

"ಅಷ್ಟು ಸಿಟ್ಟಿದ್ರ ಸುಟ್ಟುಬಿಡಬೇಕಿತ್ತು."

"ಗೆಳ್ಯಾರು ಹಂಗ ಅಂದ್ರು." ಅವನು ಕೈಯ ಮಣ್ಣು ಒರೆಸಿಕೊಂಡ. "ನಮ್ಮವ್ವಗ ಸಕ್ಕರಿ ಕಾಯಿಲಿ. ನಾ ಹೇಳಿದ್ರ ಕೇಳಂಗಿಲ್ಲ, ಕಸುವಿನಾಗ ಬರದೈತಿ ಅಂದ್ರ ಕೇಳ್ತಾಳ. ಅದನ್ನ ಸುಟ್ಟು ಯಾರ ಮಾತು ಓದಿ ಹೇಳ್ಲಿ?"

ಎದುರಿನವರ ಮಾತು ಸರಿ ಎನಿಸಿದರೆ ಶಿವಗಂಗಾಳಿಗೆ ಸಿಟ್ಟು ಇಮ್ಮಡಿ.

"ತಪ್ಪು ನಂದಲ್ಲ," ಎಂದು ಬಂದುಬಿಟ್ಟಳು.

ಆ ಸಿಟ್ಟನ್ನು ಕಚೇರಿಗೆ ಬಂದು ಹುಸೇನ್‌ಸಾಬರ ಮೇಲೆ ಕಾರಿದಳು. "ನಿಮ್ಮಿಂದ ಆ ಮನುಷ್ಯಾನ ಗರಡಿ ಮುಚ್ಚಾಕತ್ತೈತಿ, ಚಾಚಾ."

ಅವರು ಎದ್ದು, ಆ ಸಂಚಿಕೆಯ ಕರಡು ಹಾಳೆಗಳನ್ನು ತಂದು ಮುಂದಿಟ್ಟರು. ಮೂವತ್ತನೇ ಪುಟದಲ್ಲಿ ಕನಕರಾಜನ ಮಾತೇ ಇತ್ತು. ಅದರ ಮೇಲೆ ಕೆಂಪು ಬಾಣ. 'ಯುವಕನ ಕಥೆ ಇಲ್ಲಿಗೆ ಬರಲಿ, ಇದು 34ಕ್ಕೆ.' ಅಕ್ಷರ ಅವಳದೇ. ಪುಟ ಬದಲಿಸಿ, ಹನ್ನೆರಡನೇ ಪುಟದ ಕೊನೆಯ ಸಾಲು ಬದಲಿಸಲು ಮರೆತಿದ್ದಳು.

"ಮೊದಲ ಯಾಕ ಹೇಳ್ಲಿಲ್ಲ ಚಾಚಾ?"

"ಹೊರಗಿನವರ ಮುಂದ ನಿನ್ನ ತಲಿ ತಗ್ಗಬಾರದು ಅಂತ ಸುಮ್ಮನಿದ್ದೆ, ಬೇಟಿ. ಇನ್ನ ಸುಮ್ಮನಿದ್ರ ಆ ಹುಡುಗ ಮುಳುಗ್ತಾನ."

ಮೊದಲು ಅವರ ಕೈ ಹಿಡಿದು ತಪ್ಪಾಯಿತು ಎಂದಳು. ಆಮೇಲೆ ಅತ್ತಳು.

ಮರುವಾರ ಬೆಳಿಗ್ಗೆ ಹೊಸ ಸಂಚಿಕೆಯ ಕರಡು ಹಿಡಿದು ಗರಡಿಯ ಕಟ್ಟೆಯ ಮೇಲೆ ಕೂತಳು. ಮುಖಪುಟದಲ್ಲಿ ಚಿತ್ರವಿರಲಿಲ್ಲ. ದಪ್ಪ ಅಕ್ಷರದಲ್ಲಿ 'ತಪ್ಪು ನನ್ನದು' ಎಂದಿತ್ತು, ಕೆಳಗೆ ಅವಳ ಹೆಸರು. ಒಳಗೆ ಅವನ ಮಾತು ಮೊದಲಿಂದ ಕೊನೆಯವರೆಗೆ ಒಂದೇ ಕಡೆ. ತಪ್ಪು ಅಚ್ಚಾಗುವುದಿಲ್ಲ ಎಂಬ ಆ ಸಾಲು ಹೋಗಿತ್ತು.

ಕನಕರಾಜ ಹಾಳೆ ತಿರುವಿ, ಮತ್ತೆ ಮುಖಪುಟಕ್ಕೆ ಬಂದ. "ಮುಖಪುಟಕ್ಕ ಹಾಕೀರಲ್ಲ... ನಿಮ್ಮ ಪತ್ರಿಕಿ ಇನ್ನ ಯಾರು ನಂಬ್ತಾರ?"

"ನಂಬದಿದ್ರ ಬಿಡ್ಲಿ. ಬಜಾರದಾಗ ಹೊಡದೀನಿ, ಬಜಾರದಾಗ ಕಾಲಿಗೆ ಬೀಳ್ತೀನಿ. ಹುಡಿಗ್ಯಾರ ಮನಿಮನಿಗೆ ಇದನ್ನ ಹಿಡಕೊಂಡು ನಾನ ಹೋಗ್ತೀನಿ."

ಅವನ ಮುಖದ ಬಿಗಿ ಸಡಿಲಿತು.

"ಬ್ಯಾರೆ ಯಾರರ ಬರದಿದ್ರ ನನಗ ಇಷ್ಟು ಸಿಟ್ಟು ಬರ್ತಿದ್ದಿಲ್ಲ," ಎಂದ ಮೆಲ್ಲಗೆ. "ಫೋನಿನಾಗ ಎರಡು ತಾಸು ನನ್ನ ಮಾತು ಕೇಳಿದ್ರಿ. ಹಂಗ ಯಾರೂ ಕೇಳಿದ್ದಿಲ್ಲ. ಅವತ್ತಿಂದ ಮತ್ತ ಫೋನ್ ಬರ್ತೈತೇನು ಅಂತ ಕಾಯಾಕತ್ತಿದ್ದೆ. ಬಂದಿದ್ದು ಮೂವತ್ತನೇ ಪುಟ."

ಅವಳಿಗೆ ತಲೆಯೆತ್ತಲಾಗಲಿಲ್ಲ. "ಕರಡು ಕೊನೀತನಕ ಓದ್ರಿ. ತಪ್ಪಿದ್ರ ತಿದ್ರಿ."

ಓದಿದ. ಕೊನೆಯ ಪುಟದ ಕೊನೆಗೆ 'ಪ್ರಕಾಶಕರು: ಶಿವಗಂಗಾ, ಸಿಂಧನೂರು' ಎಂದಿತ್ತು. ಕಿಸೆಯಿಂದ ನೀಲಿ ಪೆನ್ನು ತೆಗೆದು ಸಿಂಧನೂರು ಹೊಡೆದುಹಾಕಿ, ಮಸ್ಕಿ ಎಂದು ಬರೆದ. ಹಾಳೆಯನ್ನು ಅವಳ ಮುಂದಿಟ್ಟು ಉತ್ತರಕ್ಕೆ ಕಾದ.

ಶಿವಗಂಗಾ ಅದನ್ನೇ ನೋಡಿದಳು. ಚೀಲದಿಂದ ಕೆಂಪು ಪೆನ್ನು ತೆಗೆದು, ಮಸ್ಕಿ ಹೊಡೆದು, ಮತ್ತೆ ಸಿಂಧನೂರು ಎಂದು ಬರೆದಳು. ಅವನ ಮುಖ ಇಳಿದುಹೋಯಿತು.

"ಪತ್ರಿಕಿ ಊರು ಬಿಡಂಗಿಲ್ಲ," ಎಂದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು. 'ಮನೆ: ಮಸ್ಕಿ.'

"ದಿನಾ ಬಸ್ಸಿಗೆ ಓಡಾಡಬೇಕಾಗ್ತೈತ್ರಿ," ಎಂದ ಅವನು.

"ಓಡಾಡ್ತೀನಿ. ಆದ್ರ ಮಿರ್ಚಿ ಬಿಡು ಅನ್ನಬಾರದು."

"ಅನ್ನಂಗಿಲ್ಲ. ಬೆನ್ನೊಂದು ನೆಟ್ಟಗ ಇರ್ಲಿ."

ಅವಳು ನೆಟ್ಟಗೆ ಕೂತಳು. ಈ ಸಲ ಅವನು ನೋಡುತ್ತಿದ್ದ.