ಹಿತ್ತಲ ಗ್ರೀನ್‌ಹೌಸಿಗೊಂದು ಕಿಟಕಿ

"ಯಾರು ಕುಯ್ದಿದ್ದು? ಧೈರ್ಯ ಇದ್ರೆ ಮುಂದೆ ಬನ್ನಿ!"

ಧನುಶ್ರೀಯ ಕೂಗಿಗೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದವರೆಲ್ಲ ತಿರುಗಿದರು. ಕಡೂರಿನ ಜೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ, ಸಂಜೆ ಬಸ್ಸಿಳಿದು ನೇರ ಹಿತ್ತಲಿಗೆ ಹೋದವಳು ಹಾಗೇ ಓಡಿ ಬಂದಿದ್ದಳು. ಹೆಗಲಿನ ಬ್ಯಾಗನ್ನೂ ಇಳಿಸಿರಲಿಲ್ಲ.

"ನಾನೇ."

ಸಾಲಿನಲ್ಲಿದ್ದ ಹೊಸ ಮುಖ. ಅಂಗಿಯ ತುಂಬ ಕಿಡಿ ಬಿದ್ದು ಸುಟ್ಟ ಸಣ್ಣ ಸಣ್ಣ ತೂತುಗಳು. ಪಕ್ಕದ ಮನೆಯ ಅಂಜಿನಮ್ಮನ ತಂಗಿಯ ಮಗ, ಹೊನ್ನೇಶ. ಹತ್ತಿರದ ಹಿರೇನಲ್ಲೂರಿನಲ್ಲಿ ವೆಲ್ಡಿಂಗ್ ಕೆಲಸ ಸಿಕ್ಕಿದೆಯೆಂದು ದೊಡ್ಡಮ್ಮನ ಮನೆಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೇ. ಅವರಿಬ್ಬರೂ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

ಅವನು ನೇರವಾಗಿ ಅವಳನ್ನು ನೋಡಿದ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಎಷ್ಟು ಸಲೀಸಾಗಿ ಹೇಳ್ತೀರಾ! ಕಾಂಪೌಂಡ್ ಹಾರಿ ಇನ್ನೊಬ್ಬರ ಹಿತ್ತಲಿಗೆ ನುಗ್ಗೋದು, ಕುಯ್ಯೋದು... ಇಂಥೋರ್ನ ಮನೇಲಿ ಇಟ್ಕೊಂಡಿದೀಯಲ್ಲ ಅಂಜಿನಮ್ಮತ್ತೆ, ನಿನ್ನ ಪಾತ್ರೆಪಗಡ ಹುಷಾರು!"

ಯಾರೋ ಕಿಸಕ್ಕನೆ ನಕ್ಕರು. ಹೊನ್ನೇಶ ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮನ ತಗ್ಗಿದ ತಲೆ ನೋಡಿದ. ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟುಹೋದ.

ಧನುಶ್ರೀಗೆ ಆ ಗ್ರೀನ್‌ಹೌಸೆಂದರೆ ಪ್ರಾಣ. ಚಳಿಗಾಲದಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಾನೇ ಕಟ್ಟಿದ್ದು. ಹಳೇ ಡ್ರಿಪ್ ಪೈಪು ಬಗ್ಗಿಸಿ ಕಮಾನು ಮಾಡಿ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು, ಮೇಲೆ ಬಿಳೀ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಳು. ಆಡು ನುಗ್ಗದಂತೆ ಬಾಗಿಲು, ಬಾಗಿಲಿಗೆ ಬೀಗ. ಒಳಗೆ ಹಾಲಿನ ಪ್ಯಾಕೆಟ್ಟುಗಳಲ್ಲಿ ಅರಳಿ ಸಸಿಗಳು. ಬುದ್ಧ ಪೂರ್ಣಿಮೆಗೆ ಕೇರಿಯ ಮನೆಮನೆಗೂ ಒಂದೊಂದು ಸಸಿ ಕೊಡುತ್ತೇನೆಂದು ವಿಹಾರದಲ್ಲಿ ಎಲ್ಲರೆದುರು ಎದ್ದು ನಿಂತು ಮಾತು ಕೊಟ್ಟಿದ್ದಳು. ಹಬ್ಬ ಹತ್ತಿರ ಬಂದಿತ್ತು.

ಈಗ ಪ್ಲಾಸ್ಟಿಕ್ಕಿನ ನೆತ್ತಿಯ ಮೇಲೆ ಉದ್ದನೆಯ ಸೀಳು! ಬಾಗಿಲ ಕಡೆಯ ಸಾಲುಗಳು ಬಾಡಿ ಕಪ್ಪಾಗಿದ್ದವು.

"ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಕಣವ್ವ" ಎಂದು ಗೊಣಗುತ್ತ, ಸೀಳಿಗೆಲ್ಲ ಅಗಲವಾದ ಟೇಪು ಅಂಟಿಸಿದಳು.

ಅವಳ ತಾಯಿ ಓಬಮ್ಮ ಬಾಗಿಲಲ್ಲಿ ನಿಂತು ಅಂದಳು, "ಆ ಹುಡುಗನ ಮುಖ ನೋಡಿದ್ರೆ ಹೊಟ್ಟೆಕಿಚ್ಚಿನೋನ ಥರ ಕಾಣಲ್ಲಪ್ಪ."

"ನೀನು ಸುಮ್ನಿರವ್ವ!"

ಮಾರನೇ ದಿನ ಭಾನುವಾರ. ಎಷ್ಟೋ ದಿನಗಳ ಮೇಲೆ ಮಧ್ಯಾಹ್ನ ಮನೆಯಲ್ಲಿದ್ದಳು. ಊಟ ಮುಗಿಸಿ, ಸಸಿಗಳನ್ನೊಮ್ಮೆ ನೋಡೋಣವೆಂದು ಬೀಗ ತೆಗೆದು ಒಳಗೆ ಕಾಲಿಟ್ಟಳು.

ಇಟ್ಟವಳು ಹಾಗೇ ಹಿಂದಕ್ಕೆ ಸರಿದಳು.

ಅನ್ನ ಬಸಿಯುವಾಗ ಮುಖಕ್ಕೆ ಹೊಡೆಯುತ್ತದಲ್ಲ, ಅಂಥ ಹಬೆ! ಉಸಿರು ಕಟ್ಟಿತು. ಬೆಳಿಗ್ಗೆ ನೆಟ್ಟಗಿದ್ದ ಸಸಿಗಳು ಕತ್ತು ಬಗ್ಗಿಸಿದ್ದವು.

ಅವಳು ನೋಡಿದ ವಿಡಿಯೋದವರು ಹಿಮ ಬೀಳುವ ದೇಶದವರು. ಬಿಸಿಲನ್ನು ಒಳಗೆ ಹಿಡಿದಿಡಲು ಅವರು ಕಟ್ಟಿದ್ದನ್ನು ಇವಳು ಈ ಬಯಲುಸೀಮೆಯ ಬೇಸಿಗೆಗೂ ಹಾಗೇ ಬಿಟ್ಟಿದ್ದಳು. ದಿನವೂ ಬೆಳಿಗ್ಗೆ ಬೀಗ ಹಾಕಿ ಕೀ ಬ್ಯಾಗಿಗೆ ಹಾಕಿಕೊಂಡು ಕಡೂರಿನ ಬಸ್ಸು ಹತ್ತುತ್ತಿದ್ದಳು...

ಆಗ ನೆನಪಾಯಿತು. ನಿನ್ನೆ ಸಂಜೆ ಸೀಳಿನ ಕೆಳಗಿದ್ದ ಸಸಿಗಳಷ್ಟೇ ಹಸಿರಾಗಿದ್ದವು. ಅವುಗಳ ಮಣ್ಣು ಒದ್ದೆಯಾಗಿತ್ತು. ನಿನ್ನೆ ತಾನು ನೀರೇ ಹಾಕಿರಲಿಲ್ಲ!

'ಅಯ್ಯೋ... ಕುಯ್ದಿದ್ದು ಕೊಲ್ಲೋಕಲ್ಲ!'

ಕುಡುಗೋಲು ತಂದಳು. ನಿನ್ನೆ ತಾನೇ ಅಂಟಿಸಿದ ಟೇಪನ್ನು ತಾನೇ ಸರ್ರನೆ ಸೀಳಿದಳು. ಬಿಸಿಗಾಳಿ ಬುಸ್ಸೆಂದು ಮೇಲಕ್ಕೆ ಹೋಯಿತು. ಅವಳು ಕುಡುಗೋಲು ಕೆಳಗಿಟ್ಟು ಮುಖ ಮುಚ್ಚಿಕೊಂಡಳು.

ಪಾತ್ರೆಪಗಡ ಹುಷಾರು... ಆ ಮಾತು ಬಾಯಲ್ಲಿ ಹೇಗೆ ಬಂತು?

ಅಂಜಿನಮ್ಮನ ಮನೆಯ ಹೊಸ್ತಿಲವರೆಗೆ ಹೋಗಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಅಂಜಿನಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತೆ... ನನ್ನದೇ ತಪ್ಪು. ಅವರು ಸಸಿ ಉಳಿಸಿದ್ರು."

"ಗೊತ್ತು ಕಣೆ. ನನ್ನ ಕೊಡದಲ್ಲೇ ನೀರು ಹೊಯ್ದಿದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಯಾರು ಕುಯ್ದಿದ್ದು ಅಂದೆ. ಅವನು ಹೇಳ್ದ. ಯಾಕೆ ಅಂತ ಕೇಳಿದ್ಯಾ?" ಅಂಜಿನಮ್ಮ ಮೊರ ಪಕ್ಕಕ್ಕಿಟ್ಟಳು. "ನಾಚಿಕೆಗೆ ಬೆಳಿಗ್ಗೆ ನಲ್ಲಿ ನೀರಿಗೂ ಹೋಗಿಲ್ಲ ಕಣೆ ನಾನು. ಅವನು ಸಂಜೆ ಬಸ್ಸಿಗೆ ವಾಪಸ್ ತಮ್ಮೂರು ಅಜ್ಜಂಪುರಕ್ಕೆ ಹೋಗ್ತಾನಂತೆ. ನನ್ನಿಂದ ನೀನು ತಲೆತಗ್ಗಿಸೋದು ಬೇಡ ದೊಡ್ಡಮ್ಮ ಅಂದ."

"ಒಳಗಿದ್ರೆ ಕರಿ ಅತ್ತೆ, ಕ್ಷಮೆ ಕೇಳ್ತೀನಿ..."

"ಇಲ್ಲಿ ಬೇಡ ತಾಯಿ. ಬೈದಿದ್ದು ಎಲ್ಲಿ? ಅಲ್ಲೇ ಕೇಳು."

ಸಂಜೆ ನಲ್ಲಿಯಲ್ಲಿ ಮತ್ತೆ ನೀರು ಬಂತು. ಸಾಲು ನಿಂತಿತು. ಧನುಶ್ರೀ ಕೊಡ ತರಲಿಲ್ಲ. ಅವಳ ಕೈಯಲ್ಲಿದ್ದದ್ದು ಒಂದು ಹಾಲಿನ ಪ್ಯಾಕೆಟ್ಟು, ಅದರಲ್ಲೊಂದು ಅರಳಿ ಸಸಿ. ಕಿವಿಯೆಲ್ಲ ಬಿಸಿಯಾಗಿತ್ತು. ಬಸ್ ಸ್ಟಾಂಡಿನ ಕಡೆ ಹೊರಟ ಹೊನ್ನೇಶ, ಬ್ಯಾಗು ಹೆಗಲಿಗೇರಿಸಿ ಅದೇ ದಾರಿಯಲ್ಲಿ ಬಂದ. ಹಿಂದೆ ಅಂಜಿನಮ್ಮ.

"ನಿಲ್ಲಿ!"

ಅವನು ನಿಂತ. ಎಲ್ಲರೂ ನೋಡಿದರು.

"ನಿನ್ನೆ ನಾನು ಇವರ್ನ ಕಳ್ಳ ಅನ್ನೋ ಥರ ಮಾತಾಡ್ದೆ. ಸಸಿ ಒಣಗಿಸಿದ್ದು ನಾನು. ಬಿಸಿಲಲ್ಲಿ ಬೀಗ ಹಾಕಿ ಬೇಯಿಸಿದ್ದು ನಾನು. ಇವರು ಕುಯ್ದಿದ್ದಕ್ಕೆ ಉಳಿದವು. ಅಂಜಿನಮ್ಮತ್ತೆ... ನಿಂಗೆ ಅಂದಿದ್ದಂತೂ..." ಅವಳು ಅಂಜಿನಮ್ಮನ ಕಡೆ ತಿರುಗಿ ಕೈ ಮುಗಿದಳು. "ತಪ್ಪಾಯ್ತು!"

ಸಾಲಿನಲ್ಲಿದ್ದ ತಿಮ್ಮಕ್ಕ ಬಾಯಿ ಹಾಕಿದಳು, "ಅದೆಲ್ಲ ಸರಿ, ನಮ್ಮನೆ ಸಸಿ ಉಳಿದಿದ್ಯೋ ಇಲ್ವೋ ಅದನ್ನ ಹೇಳೇ ಮೊದ್ಲು!"

ಎಲ್ಲರೂ ನಕ್ಕರು. ಧನುಶ್ರೀಯೂ ಕಣ್ಣೊರೆಸಿಕೊಂಡೇ ನಕ್ಕಳು. ಅಂಜಿನಮ್ಮ ಮನೆಗೆ ಓಡಿ ಕೊಡ ತಂದು ಸಾಲಿನಲ್ಲಿ ನಿಂತಳು.

ಹೊನ್ನೇಶ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದ, "ನನಗೆ ನೋವಾಯ್ತು ಕಣ್ರೀ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಕೇಳದೆ ಕುಯ್ದಿದ್ದು ನನ್ನ ತಪ್ಪೂ ಹೌದು. ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಾಗ ಪ್ಲಾಸ್ಟಿಕ್ ಒಳಗೆ ಸಸಿ ಬಾಡಿದ್ದು ಕಾಣಿಸ್ತು. ನಿಮ್ಮವ್ವ ಹೊಲಕ್ಕೆ ಹೋಗಿದ್ರು, ನಿಮ್ಮ ನಂಬರ್ ಇರಲಿಲ್ಲ..."

"ಅಷ್ಟೆಲ್ಲ ಯಾಕೆ ಮಾಡಿದ್ರಿ? ನಾನು ಯಾರೋ, ನೀವು ಯಾರೋ..."

ಅವನು ತಲೆ ತಗ್ಗಿಸಿದ. ಈಗ ನಾಚುವ ಸರದಿ ಅವನದಾಗಿತ್ತು.

"ಬೆಳಿಗ್ಗೆ ಬಸ್ಸಿಗೆ ಮುಂಚೆ ಸಸಿಗಳ ಹತ್ರ ಮಾತಾಡ್ತೀರಲ್ಲ... ಗೋಡೆ ಆ ಕಡೆ ಹಲ್ಲುಜ್ಜುತ್ತಾ ದಿನಾ ಕೇಳ್ತಿದ್ದೆ. ಅವು ಸತ್ತೋದ್ರೆ ಆ ಮಾತು ನಿಂತೋಗುತ್ತಲ್ಲ ಅನ್ನಿಸ್ತು."

ಧನುಶ್ರೀ ನಾಲಿಗೆ ಕಚ್ಚಿಕೊಂಡಳು. 'ಅಯ್ಯೋ, ಎಲ್ಲ ಕೇಳಿದಾರಾ! ಬಂಗಾರ, ಚಿನ್ನಾರಿ ಅಂದಿದ್ದೆಲ್ಲ...!'

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವನು ಕದಲಲಿಲ್ಲ.

"ಮತ್ತೆ ಟೇಪು ಹಚ್ಚಬೇಡಿ" ಎಂದ. "ಸೀಳಿದ ಕಡೆ ಕಬ್ಬಿಣದ ಫ್ರೇಮ್ ಕೂರಿಸಿ ಒಂದು ಕಿಟಕಿ ಮಾಡ್ತೀನಿ. ಬೆಳಿಗ್ಗೆ ತೆಗೀಬೇಕು, ಸಂಜೆ ಮುಚ್ಚಬೇಕು."

"ತೆಗೆಯೋದು ನಾನು. ಮುಚ್ಚೋರು?"

"ನಾನೇ."

ನಿನ್ನೆಯ ಅದೇ ಮಾತು, ಅದೇ ದನಿ. ಅವಳು ಸಸಿಯನ್ನು ಅವನ ಕೈಗಿಟ್ಟಳು.

"ದಿನಾ ಅಜ್ಜಂಪುರದಿಂದ ಬಂದು ಮುಚ್ತೀರಾ?"

ಹೊನ್ನೇಶ ಹೆಗಲಿನ ಬ್ಯಾಗನ್ನು ಕೆಳಗಿಳಿಸಿದ.

"ಬಸ್ಸು ಹೋಯ್ತಲ್ಲ" ಎಂದ. "ಈ ಸಲ ಕಾಂಪೌಂಡ್ ಹಾರಲ್ಲ. ಬಾಗಿಲಿಂದ ಬರ್ಲಾ?"

"ಬೀಗ ಹಾಕಿಲ್ಲ... ಬನ್ನಿ."