ಮೊದಲು ಆಫೀಸಿಗೆ, ಆಮೇಲೆ ಅವಳಿಗೆ

ಅವನು ಅವಳ ಕಾಗದಗಳನ್ನು ಓದಲಿಲ್ಲ. ಮೂಸಿ ನೋಡಿದ!

ಮರವಂತೆಯ ಮೀನುಗಾರ ಮಹಿಳೆಯರ ಸಂಘದ ಆಫೀಸಿನಲ್ಲಿ, ತಿರುಗಲೋ ಬೇಡವೋ ಎಂದು ಯೋಚಿಸುತ್ತಿದ್ದ ಫ್ಯಾನಿನ ಕೆಳಗೆ ಸಂಘದ ಲೆಕ್ಕಪತ್ರ ನೋಡುವ ಶರಣ್ಯಾ ಕೂತಿದ್ದಳು. ಬ್ರಹ್ಮಾವರದಿಂದ ಬಂದ ಆ ಅಧಿಕಾರಿ, ಸುಧೀರ್ ಎಂದು ಹೆಸರು, ಅವಳು ಕೊಟ್ಟ ಮೂರು ಕೊಟೇಶನ್‌ಗಳನ್ನು ಒಂದೊಂದಾಗಿ ಎತ್ತಿ ಮೂಗಿನ ಹತ್ತಿರ ಹಿಡಿದ.

“ಇವು ಮೂರೂ ಬೇರೆ ಬೇರೆಯವರು ಕೊಟ್ಟದ್ದು ಅಲ್ವಾ ಮೇಡಂ?”

“ಹೌದು ಸರ್. ಗಂಗೊಳ್ಳಿ, ಕೋಡಿ, ಬೈಂದೂರು.”

“ಮೂರು ಊರಿನ ಕಾಗದಕ್ಕೂ ಒಂದೇ ವಾಸನೆ ಬರ್ತಿದೆ. ಫೈಬರ್ ದೋಣಿಗೆ ಹಚ್ಚುವ ಅಂಟಿನದ್ದು.”

ಶರಣ್ಯಾಳ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ. ಮೂಗು ಅಂತ ಒಂದಿದೆ ಎಂದು ಹೀಗೆಲ್ಲ ಉಪಯೋಗಿಸುವುದೇ?

ಆದರೆ ಅವನು ಹೇಳಿದ್ದು ನಿಜವಾಗಿತ್ತು. ಸಂಘದ ಹೆಂಗಸರಿಗೆ ಮೀನು ಕೆಡದ ಹಾಗೆ ಇಡುವ ಫೈಬರ್ ಪೆಟ್ಟಿಗೆ ಬೇಕಿತ್ತು. ಅದಕ್ಕೆ ಕೇಂದ್ರ ಸರ್ಕಾರದ ಅನುದಾನವಿತ್ತು. ಅನುದಾನ ಬರುವುದು ಬ್ರಹ್ಮಾವರದ ದೊಡ್ಡ ಸಂಸ್ಥೆಗೆ. ಅಲ್ಲಿಂದ ಒಂದು ಪಾಲು ಇವರಂಥ ಸಣ್ಣ ಸಂಘಗಳಿಗೆ. ಇಲ್ಲಿ ಕೊಂಡ ಪ್ರತಿ ವಸ್ತುವಿಗೂ ಬ್ರಹ್ಮಾವರದವರು ದೆಹಲಿಗೆ ವರದಿ ಒಪ್ಪಿಸಬೇಕು. ಮಾರುವವನು ನೋಂದಾಯಿತನಾಗಿರಬೇಕು, ಸಂಘದವರ ನೆಂಟನಾಗಿರಬಾರದು, ಮೂರು ಜನ ತಮ್ಮ ತಮ್ಮ ದರವನ್ನು ಸ್ವಂತವಾಗಿ ಬರೆದು ಕೊಟ್ಟಿರಬೇಕು.

ಶರಣ್ಯಾ ಕೊಟೇಶನ್ ಕೇಳಲು ಗಂಗೊಳ್ಳಿಯ ಹಿರಿಯಣ್ಣ ಎಂಬವನ ಹತ್ತಿರ ಹೋಗಿದ್ದಳು. ಫೈಬರ್ ದೋಣಿ ಮಾಡುವುದರಲ್ಲಿ ಅವನದು ಎತ್ತಿದ ಕೈ.

“ಮೂರ್ ಬೇಕಾ? ಅದ್ಕೆಂತಕ್ಕೆ ನೀ ಬಿಸ್ಲಗೆ ತಿರ್ಗುದ್ ಮಗಾ? ಮೂರೂ ನಾನೇ ಮಾಡ್ಸಿ ಕೊಡ್ತೆ!” ಎಂದಿದ್ದ ಹಿರಿಯಣ್ಣ. ಇಬ್ಬರು ದೋಸ್ತಿಗಳ ಲೆಟರ್‌ಹೆಡ್ ತರಿಸಿ, ತನ್ನ ದರಕ್ಕಿಂತ ಒಂಚೂರು ಹೆಚ್ಚು ಬರೆದು, ದೋಣಿಯ ಮೇಲೆ ಇಟ್ಟು ಒಣಗಿಸಿ ಕೊಟ್ಟಿದ್ದ. ಈ ಕರಾವಳಿಯಲ್ಲಿ ಅದಕ್ಕೆ ಉಪಕಾರ ಎಂದು ಹೆಸರು. ಮೋಸ ಎಂಬ ಹೆಸರೂ ಇದೆ ಎಂದು ಶರಣ್ಯಾಳಿಗೆ ಇವತ್ತೇ ಗೊತ್ತಾದದ್ದು.

“ಇದನ್ನು ಹೀಗೇ ಮೇಲೆ ಕಳಿಸಿದ್ರೆ ಪೆಟ್ಟಿಗೆಯೂ ಇಲ್ಲ, ಮುಂದೆ ನಿಮ್ಮ ಸಂಘಕ್ಕೆ ಅನುದಾನವೂ ಇಲ್ಲ,” ಎಂದ ಸುಧೀರ್. ದನಿ ಮಾತ್ರ ಮೆತ್ತಗಿತ್ತು. “ವಾಪಸ್ ತಗೊಳ್ಳಿ. ನೋಟಿಸ್ ಹಾಕಿ ಹೊಸತಾಗಿ ಕರೆಯಿರಿ. ನಾನು ಹೇಳಿಕೊಡ್ತೇನೆ.”

ಮೂಲೆಯಲ್ಲಿ ಗೋದಾವರಿಯಕ್ಕ ಕೂತಿದ್ದಳು. ಅವಳು ಸಂಘದ ಅಧ್ಯಕ್ಷೆ. ಬಸ್ಸಿನಲ್ಲಿ ಹಾಲಾಡಿಗೆ ಹೋಗಿ ಮೀನು ಮಾರುವವಳು. ಅವಳ ಥರ್ಮೋಕೋಲ್ ಪೆಟ್ಟಿಗೆ ಸೋರಿ, ದಿನಾ ಕಂಡಕ್ಟರನ ಹತ್ತಿರ ಜಗಳ. ಮಧ್ಯಾಹ್ನಕ್ಕೆ ಐಸ್ ಕರಗಿ ಮೀನು ಕೇಳಿದ ಬೆಲೆಗೆ ಹೋಗುತ್ತಿತ್ತು.

“ಹ್ವಾಯ್ ಸರ್, ಮೂಗ್ ಭಾರೀ ಚುರ್ಕ್ ಇತ್ತಲೆ ನಿಮ್ದ್! ನಮ್ ಮಾರ್ಕೆಟಿಗೊಂದ್ಸರ್ತಿ ಬನ್ನಿ. ತಾಜಾ ಮೀನ್ ಯಾವ್ದ್ ಅಂದ್ ಹೇಳುಕ್ ಒಬ್ರ್ ಬೇಕಿತ್.”

ಅವನು ನಕ್ಕ. ನಕ್ಕರೆ ಈ ಮನುಷ್ಯ ಬೇರೆಯೇ ಆಗುತ್ತಾನಲ್ಲ... ಎನ್ನಿಸಿತು ಶರಣ್ಯಾಳಿಗೆ. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅಲ್ಲಿಂದ ಪ್ರತಿ ಶನಿವಾರ ಅವನ ಬೈಕು ಸಂಘದ ಎದುರು ನಿಲ್ಲತೊಡಗಿತು. ನೋಟಿಸ್ ಹೇಗೆ ಬರೆಯಬೇಕು, ಮಾರುವವನ ನೋಂದಣಿ ಎಲ್ಲಿ ಪರೀಕ್ಷಿಸಬೇಕು, ವರದಿಯಲ್ಲಿ ಏನೇನು ತುಂಬಬೇಕು... ಅವನು ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಮಧ್ಯೆ ಚಹಾ ಬಂದರೆ ತನ್ನ ಚಹಾದ ದುಡ್ಡು ತಾನೇ ಕೊಡುತ್ತಿದ್ದ. ಇದೆಂಥ ಜಾತಿಯ ಮನುಷ್ಯ ಎಂದು ಹೋಟೆಲಿನವನೂ ತಲೆ ಕೆರೆದುಕೊಂಡ.

ಒಂದು ಶನಿವಾರ ಅವಳು, ಪೆಟ್ಟಿಗೆ ಕೊಳ್ಳುವ ಮುಂಚೆ ಕೊಡಬೇಕಾದ ಮೊದಲ ವರದಿಯನ್ನು ತಾನೇ ಬರೆದು ಅವನ ಮುಂದಿಟ್ಟಳು. ಅವನು ಬಹಳ ಹೊತ್ತು ಓದಿದ.

“ಒಂದೂ ತಪ್ಪಿಲ್ಲ,” ಎಂದ ಕೊನೆಗೆ. ಕಣ್ಣು ಮಾತ್ರ ಕಾಗದದ ಮೇಲಿರಲಿಲ್ಲ.

ಕಾಲೇಜಿನ ಮಾರ್ಕ್ಸ್ ಕಾರ್ಡಿಗೂ ಶರಣ್ಯಾಳಿಗೆ ಇಷ್ಟು ಖುಷಿಯಾಗಿರಲಿಲ್ಲ!

ಅವತ್ತೇ ಗೋದಾವರಿಯಕ್ಕ ಎಡವಟ್ಟು ಮಾಡಿದಳು. ಇಷ್ಟು ಉಪಕಾರ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವುದೇ? ಒಣ ಸಿಗಡಿಯ ಚೀಲವೊಂದನ್ನು ಹೇಳದೆ ಕೇಳದೆ ಅವನ ಬೈಕಿಗೆ ಸಿಕ್ಕಿಸಿಬಿಟ್ಟಳು.

ಸುಧೀರ್ ಪಕ್ಕದೂರು ತ್ರಾಸಿವರೆಗೆ ಹೋದವನು ತಿರುಗಿ ಬಂದ. ಚೀಲವನ್ನು ಮೇಜಿನ ಮೇಲೆ ಇಟ್ಟ.

“ಕ್ಷಮಿಸಿ ಅಕ್ಕಾ, ನಾನು ಇದನ್ನು ತಗೊಳ್ಳುವ ಹಾಗಿಲ್ಲ.”

“ನಾಕ್ ಸಿಗ್ಡಿಗೆ ನಿಮ್ ದಿಲ್ಲಿ ಮುಳ್ಗಿ ಹೋತಾ?” ಗೋದಾವರಿಯಕ್ಕನ ಮುಖ ಊದಿಕೊಂಡಿತು.

ಅವನು ಶರಣ್ಯಾಳನ್ನು ನೋಡಿದ. ಬೈಕು ಹತ್ತಿ ಹೊರಟುಹೋದ.

ಮುಂದಿನ ಶನಿವಾರ ಬೈಕು ಬರಲಿಲ್ಲ. ಕಾರು ಬಂತು. ಇಳಿದವಳು ಅದೇ ಸಂಸ್ಥೆಯ ರಮ್ಯಶ್ರೀ.

“ಇನ್ನು ಈ ಫೈಲ್ ನಾನೇ ನೋಡ್ತೇನೆ. ಸುಧೀರ್ ತನಗೆ ಬೇಡ ಅಂತ ಅವರೇ ಹೇಳಿ ಬಿಟ್ಟುಕೊಟ್ರು.”

“ಯಾಕೆ ಮೇಡಂ?”

“ಅದನ್ನು ನಾನು ಹೇಳುವ ಹಾಗಿಲ್ಲ.” ರಮ್ಯಶ್ರೀಯ ತುಟಿಯಲ್ಲಿ ಒಂದು ಸಣ್ಣ ನಗು ಹಾದುಹೋಯಿತು. ಶರಣ್ಯಾ ಅದನ್ನು ತಾತ್ಸಾರ ಎಂದುಕೊಂಡಳು.

ಆಮೇಲೆ ರಮ್ಯಶ್ರೀ ಆ ಮೊದಲ ವರದಿ ತೆಗೆದಳು. ಎರಡೇ ನಿಮಿಷ. “ಇಲ್ಲಿ ತಾರೀಕಿಲ್ಲ. ಇಲ್ಲಿ ಅಧ್ಯಕ್ಷರ ಸಹಿ ಇಲ್ಲ. ಇದು ಹಳೆಯ ನಮೂನೆ. ಇದನ್ನು ಯಾರೂ ನೋಡಲೇ ಇಲ್ವಾ?”

ಒಂದೂ ತಪ್ಪಿಲ್ಲ ಎಂದಿದ್ದನಲ್ಲ! ಹಾಗಾದರೆ ಓದಿಯೇ ಇರಲಿಲ್ಲವೇ? ಮೊದಲ ದಿನದಿಂದಲೂ ನಾವು ಮೋಸಗಾರರು ಎಂದೇ ಅವನ ಲೆಕ್ಕ. ಸಿಗಡಿ ಚೀಲ ಕಂಡದ್ದೇ ಲಂಚ ಅಂದುಕೊಂಡು ಕೈ ತೊಳೆದುಕೊಂಡ... ಶರಣ್ಯಾಳ ಕಣ್ಣು ತುಂಬಿತು. ಪೆಟ್ಟಿಗೆ ಹೋದರೆ ಗೋದಾವರಿಯಕ್ಕನಿಗೆ ಯಾವ ಮುಖ ತೋರಿಸಲಿ? ಅವನು ಹೋದದ್ದಕ್ಕೆ... ಅದಕ್ಕೆ ಯಾರ ಹತ್ತಿರ ಅಳಲಿ?

ತಿದ್ದಿದ ವರದಿಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಅವಳು ಬಸ್ಸು ಹತ್ತಿ ಬ್ರಹ್ಮಾವರಕ್ಕೇ ಹೋದಳು.

ಸುಧೀರ್ ಆಫೀಸಿನ ಎದುರಿನ ಗೂಡಂಗಡಿಯಲ್ಲಿ ಸೋಡಾ ಕುಡಿಯುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

“ಎರಡ್ ಹಿಡಿ ಸಿಗ್ಡಿ ಕೊಟ್ಟದ್ದಕ್ಕೆ ಫೈಲೇ ಬಿಟ್ರಿಯಾ ಸರ್?”

“ಎಂತ?”

“ನಮ್ಮನ್ ಕಳ್ರ್ ಅಂದ್ಕಂಡ್ರಿ ಅಲ್ದಾ? ಓದ್ದೇ ಇದ್ರೂ ತಪ್ಪಿಲ್ಲೆ ಅಂದ್ರಿ. ಆ ಮೇಡಂ ಎದ್ರ್ ನನ್ ಮರ್ಯಾದಿ ಹೋಯ್ತ್!”

ಸುಧೀರನ ಆಫೀಸು ಕನ್ನಡ ಅಲ್ಲೇ ಬಿದ್ದುಹೋಯಿತು.

“ಅಲ್ಲ ಮಾರಾಯ್ತಿ! ಓದಿದ್ದೆ. ಮೂರ್ ಸರ್ತಿ ಓದಿದ್ದೆ. ತಪ್ಪ್ ಕಾಂಬುದಿಲ್ಲೆ ನಂಗೆ!”

“ಕಾಂಬುದಿಲ್ಲೆ ಅಂದ್ರೆ?”

“ನೀವ್ ಬರ್ದದ್ದ್ ಅಲ್ದಾ, ಹಾಂಗಾಗಿ.” ಅವನು ಸೋಡಾ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. “ಮೊದ್ಲ್ ದಿನ ವಾಸ್ನಿಯಲ್ಲೇ ಹಿಡ್ದವ ನಾನ್. ಈಗ ಸಹಿ ಇಲ್ದಿದ್ದೂ ಕಾಣ್ತಿಲ್ಲೆ. ನಮ್ ಆಫೀಸಲ್ಲ್ ಒಂದ್ ನಿಯಮ ಇತ್. ಫೈಲ್ ಕಾಂಬವನಿಗೆ ಆ ಸಂಘದವರ ಮೇಲೆ ಮನ್ಸ್ ಬಂದ್ರೆ, ಅವ್ನ್ ಅದನ್ನ ಹೇಳಿ ಫೈಲ್ ಬಿಡ್ಕ್. ಬಿಟ್ಟೆ.”

ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಶರಣ್ಯಾಳಿಗೆ ಕೇಳಿಸಲಿಲ್ಲ.

“ಹಂಗಾರೆ... ರಮ್ಯಶ್ರೀ ಮೇಡಂ ಹತ್ರ ಎಂತ ಹೇಳಿದ್ರಿ?”

“ಮರವಂತೆ ಸಂಘದ ಶರಣ್ಯಾ ಅವ್ರನ್ನ ಮದ್ವಿ ಆಯ್ಕ್ ಅಂತ ಮನ್ಸಿತ್, ಹಾಂಗಾಗಿ ಈ ಫೈಲ್ ಬ್ಯಾಡ ಅಂದೆ.”

“ಓ ದೇವ್ರೇ! ಆಫೀಸಿಗ್ ಹೇಳಿದ್ರಿ. ನಂಗ್ ಯಾರ್ ಹೇಳುದ್?”

ಎಲ್ಲ ನಿಯಮ ಗೊತ್ತಿದ್ದವನಿಗೆ ಇದೊಂದು ಹೊಳೆದೇ ಇರಲಿಲ್ಲ. “ಅದ್... ತಪ್ಪಾಯ್ತ್.”

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಅವಳ ಮುಖ ಗಂಭೀರವಾಯಿತು.

“ಉತ್ರ ಈಗ ಕೊಡುದಿಲ್ಲೆ. ವರದಿ ಪಾಸಾಯಿ, ಪೆಟ್ಗಿ ಬಪ್ಪಲ್ಲಿವರಿಗೆ ಮರವಂತೆಗ್ ಬರ್ಬೇಡಿ. ಫೋನೂ ಬ್ಯಾಡ. ಶರಣ್ಯಾ ಅಧಿಕಾರಿಯನ್ನ ಬಲೆಗ್ ಹಾಕಿ ಪೆಟ್ಗಿ ತಂದ್ಲ್ ಅಂದ್ ನಾಳೆ ಯಾರೂ ಹೇಳುಕಾಗ.”

ಅವನು ಅವಳನ್ನೇ ನೋಡಿದ. “ನಿಯಮ ನಂಗಿಂತ ನಿಮ್ಗೇ ಲಾಯ್ಕ್ ಗೊತ್ತಿತ್,” ಎಂದ.

ಕಾಯುವುದು ಸುಲಭವಾಗಿರಲಿಲ್ಲ. ಹೆದ್ದಾರಿಯಲ್ಲಿ ಯಾವ ಬೈಕು ನಿಧಾನವಾದರೂ ಶರಣ್ಯಾಳ ಪೆನ್ನು ನಿಲ್ಲುತ್ತಿತ್ತು. ರಮ್ಯಶ್ರೀ ಮಾತ್ರ ದಯೆ ದಾಕ್ಷಿಣ್ಯ ತೋರಿಸಲಿಲ್ಲ. ಒಂದು ಹಾಳೆಯನ್ನು ನಾಲ್ಕು ಸಲ ವಾಪಸ್ ಕಳಿಸಿದಳು.

ನೋಟಿಸ್ ಪಂಚಾಯತಿ ಬೋರ್ಡಿಗೆ ಬಿತ್ತು. ಹಿರಿಯಣ್ಣ ಗೊಣಗುತ್ತಲೇ ತನ್ನ ನೋಂದಣಿ ಸರಿಮಾಡಿಸಿಕೊಂಡ. ಅಷ್ಟರಲ್ಲಿ ಅವನಿಗೊಂದು ಸುದ್ದಿ ಬಂತು. ಹಿಂದೆ ಲೆಟರ್‌ಹೆಡ್ ಕೊಟ್ಟಿದ್ದ ಕೋಡಿಯ ದೋಸ್ತಿ ನಾಗ, ಈ ಸಲ ನಿಜವಾಗಿಯೇ ದರ ಹಾಕುತ್ತಿದ್ದಾನೆ!

“ಕಾಣ್ ಮಗಾ, ಅವ್ನಿಗೆ ದಾರಿ ತೋರ್ಸಿದ್ದೇ ನಾನ್!” ಹಿರಿಯಣ್ಣ ಸಂಘದ ಮೆಟ್ಟಿಲಲ್ಲಿ ಕೂತು ತಲೆ ಚಚ್ಚಿಕೊಂಡ. ಆಮೇಲೆ ಮನೆಗೆ ಹೋಗಿ, ನಾಗ ಎಷ್ಟಕ್ಕೆ ಇಳಿಯಬಹುದೆಂದು ಊಹಿಸಿ, ಅದಕ್ಕಿಂತ ಕೆಳಗೆ ಬರೆದು ಲಕೋಟೆ ಮುಚ್ಚಿದ. ಬಂದ ಮೂರು ಲಕೋಟೆಗಳಲ್ಲಿ ಅವನ ದರವೇ ಕಡಿಮೆ ಇದ್ದು ಕೆಲಸ ಅವನಿಗೇ ಸಿಕ್ಕಿತು. ದರ ಇಳಿದದ್ದರಿಂದ, ಪಟ್ಟಿಯಲ್ಲಿ ಇಲ್ಲದ ಮುದುಕಿಯರಿಗೂ ಪೆಟ್ಟಿಗೆ ಸಿಕ್ಕಿತು.

ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗೆ ಇಳಿದ ವಾರವೇ ಪೆಟ್ಟಿಗೆಗಳು ಬಂದವು. ಹಾಲಾಡಿ ಬಸ್ಸಿನ ಕಂಡಕ್ಟರು ಗೋದಾವರಿಯಕ್ಕನ ಪೆಟ್ಟಿಗೆಯ ಅಡಿ ಬೆರಳಿಂದ ಮುಟ್ಟಿ ನೋಡಿದ. ಒಣಗಿತ್ತು. ಜಗಳ ಮಾಡಲು ಏನೂ ಸಿಗದೆ ಅವನಿಗೆ ಬೇಜಾರಾದಂತೆ ಕಂಡಿತು.

ಮರುದಿನ ಸಂಜೆ ಸಂಘದ ಎದುರು ಒಂದು ಬೈಕು ನಿಂತಿತು.

“ವರದಿ ಪಾಸಾಯಿ ಪೆಟ್ಗಿಯೂ ಬಂತಂಬ್ರಲೆ,” ಎಂದ ಸುಧೀರ್ ಬಾಗಿಲಲ್ಲಿ ನಿಂತು.

“ಹೌದು ಸರ್.” ಶರಣ್ಯಾ ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖವೇ ಎಲ್ಲ ಹೇಳಿಬಿಡುತ್ತಿತ್ತು.

ಗೋದಾವರಿಯಕ್ಕ ಇಬ್ಬರನ್ನೂ ನೋಡಿದಳು. ಮೀನಿನ ಕಿವಿರು ಎತ್ತಿ ನೋಡುವಷ್ಟೇ ಗಮನದಿಂದ.

“ಈಗ ನಿಮ್ಗೆ ನಮ್ಮಿಂದ ಎಂತಾರೂ ತಕಂಬುಕ್ ಆತ್ತಾ?”

“ಈಗ ಆತ್ತ್ ಅಕ್ಕಾ.”

“ಸಿಗ್ಡಿಯಾ, ಹೆಣ್ಣಾ?”

“ಗೋದಾವರಿಯಕ್ಕಾ!” ಶರಣ್ಯಾ ಕೂಗಿದಳು.

“ನಂಗೆಂತ? ಸಿಗ್ಡಿ ನಾನ್ ಕೊಡ್ತೆ. ಹೆಣ್ಣನ್ ಹೆಣ್ಣ್ ಹತ್ರವೇ ಕೇಳ್ಲಿ. ಅಲ್ಲಾ ಹೆಣೆ, ಮೂರ್ ಕೊಟೇಶನ್ ತರ್ಸುದ್ ಬ್ಯಾಡ್ದಾ?”

ಶರಣ್ಯಾ ಗೋದಾವರಿಯಕ್ಕ ಮೇಜಿನಡಿಯಿಂದ ತೆಗೆದುಕೊಟ್ಟ ಸಿಗಡಿಯ ಚೀಲ ಹಿಡಿದು ಹೊರಗೆ ನಡೆದಳು. ಅವನ ಬೈಕಿಗೆ ತಾನೇ ಸಿಕ್ಕಿಸಿದಳು. ಗಂಟು ಎರಡು ಸಲ ಬಿಗಿದಳು.

“ಈ ಸರ್ತಿ ತ್ರಾಸಿಯಿಂದ ತಿರ್ಗಿ ಬಂದ್ರೆ ಕಾಣಿ...”

“ಬತ್ತೆ,” ಎಂದ ಸುಧೀರ್, ಹಿಂದೆಯೇ ಬಂದು ನಿಂತು. “ಚೀಲ ಕೊಡುಕಲ್ಲ. ಅಮ್ಮನನ್ನ್ ಕರ್ಕಂಡ್ ನಿಮ್ ಮನಿಗ್ ಬತ್ತೆ. ಬಪ್ಪುದಾ?”

ಅವಳು ತಲೆಯಾಡಿಸಿದಳು.

“ಬಾಯಲ್ಲಿ ಹೇಳ್ಕ್. ಇಲ್ದಿರೆ ನಾನ್ ಹೋಯಿ ಆಫೀಸಿಗ್ ಎಂತ ಹೇಳುದ್?”

“ಈ ಸರ್ತಿ ಆಫೀಸಿಗಿಂತ ಮೊದ್ಲ್ ನಿಮ್ಗ್ ಹೇಳ್ತೆ. ಬನ್ನಿ... ಬೇಗ ಬನ್ನಿ.”

ಅವನು ಬೈಕು ಹತ್ತಿದ. ಕಡಲ ಗಾಳಿಗೆ ಸಿಗಡಿಯ ವಾಸನೆ ಅವಳವರೆಗೂ ಬಂತು. ಅವನು ಹೊರಡುವಷ್ಟರಲ್ಲಿ ಶರಣ್ಯಾ ಕರೆದಳು. ಸರ್ ಎಂದಲ್ಲ. ಈ ಕಡೆಯ ಹೆಂಗಸರು ಗಂಡನನ್ನು ಹೆಸರೆತ್ತದೆ ಕರೆಯುವ ಹಾಗೆ.

“ಹ್ವಾಯ್...”

ಸುಧೀರ್ ತಿರುಗಿ ನೋಡಿದ.

“ಮೆಲ್ಲ ಹೋಯ್ನಿ.”